ಕಂಚಿನ ಹಸಿವು

ಡಬ್ಲಿನ್ ನಗರದ ಲಿಫಿ ನದಿ ದಂಡೆಯಲ್ಲಿ ಕಸ್ಟಮ್ ಹೌಸ್ ದಕ್ಕೆ ಅಂತ ಒಂದು ಜಾಗ. ಒಂದು ಕಾಲಕ್ಕೆ ಐರ್ಲೆಂಡಿನ ಬಡವರು ಹಡಗು ಹತ್ತಿ ದೇಶ ಬಿಟ್ಟ ಜಾಗ. ಕಳೆದ ನಲವತ್ತು ವರ್ಷಗಳಲ್ಲಿ ಅದೇ ದಕ್ಕೆಯ ಆಸುಪಾಸಿಗೆ ನಾಲ್ಕು ಸಂಗತಿಗಳು ಬಂದು ಕೂತವು. ಮೊದಲು ಬಂದದ್ದು 1987ರಲ್ಲಿ ಸರ್ಕಾರವೇ ತೆರಿಗೆ ರಿಯಾಯಿತಿ ಕೊಟ್ಟು ಶುರು ಮಾಡಿದ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ, ಗಾಜಿನ ಗೋಡೆಯ ಬ್ಯಾಂಕುಗಳು. 1997ರಲ್ಲಿ ಹಸಿದವರ ಕಂಚಿನ ಮೂರ್ತಿಗಳು ಬಂದವು. ಆಮೇಲೆ ವಲಸಿಗರನ್ನು ಹೊತ್ತೊಯ್ದ ಹಳೇ ಹಡಗೊಂದರ ನಕಲು ಬಂತು. 2016ರಲ್ಲಿ ವಲಸೆಯ ಮ್ಯೂಸಿಯಂ ತೆರೆಯಿತು. ಬ್ಯಾಂಕು, ಹಸಿವು, ಹಡಗು, ನೆನಪು, ನಾಲ್ಕೂ ಒಂದೇ ಬೀದಿಯಲ್ಲಿ.

ನಾನು ಆ ಬೀದಿ ತುಳಿದವನಲ್ಲ. ಪಟ ನೋಡಿ, ಚರಿತ್ರೆ ಪುಸ್ತಕ ತಿರುವಿ, ಕಲ್ಲುಗಳ ಮೇಲೆ ಏನು ಬರೆದಿದೆ ಅಂತ ಓದಿ ಈ ಮಾತು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹಾಗಾಗಿ ಯಾವ ಕಲ್ಲು ಕಂಡರೂ ಅದರ ಮೇಲೆ ಯಾರ ಹೆಸರು ಕೆತ್ತಿದ್ದಾರೆ, ಯಾರ ಹೆಸರು ಬಿಟ್ಟಿದ್ದಾರೆ ಅಂತ ಮೊದಲು ಹುಡುಕುವುದು ನನ್ನ ಚಾಳಿ. ಇಲ್ಲಿ ಮಾಡುವುದೂ ಅಷ್ಟೆ. ಐರ್ಲೆಂಡಿನವರು ತಮ್ಮ ವಲಸೆಯನ್ನು ಕಲ್ಲು, ಕಂಚು, ಕಟ್ಟಡಗಳಲ್ಲಿ ಹೇಗೆ ನೆನೆಯುತ್ತಾರೆ? ದುಡ್ಡು ಹಾಕುವವರು ಯಾರು? ಆ ನೆನಪಿನಿಂದ ಹೊರಗೆ ಉಳಿಯುವವರು ಯಾರು?

ಕಥೆ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ಬಿತ್ತು. ಬಡ ಒಕ್ಕಲಿಗೆ, ಕೂಲಿಗೆ ಆಲೂಗೆಡ್ಡೆ ಬಿಟ್ಟರೆ ಬೇರೆ ಊಟ ಇರಲಿಲ್ಲ. ಹೊಲದಲ್ಲಿ ಬೆಳೆದ ಗೋಧಿ, ಓಟ್ಸು, ಸಾಕಿದ ಹಂದಿ, ಕಡೆದ ಬೆಣ್ಣೆ ಎಲ್ಲ ಗೇಣಿ ಕಟ್ಟುವುದಕ್ಕೆ. ಗೇಣಿ ಎಣಿಸುವ ಧಣಿಗಳಲ್ಲಿ ಎಷ್ಟೋ ಮಂದಿ ಇಂಗ್ಲೆಂಡಿನಲ್ಲಿ ಕೂತವರು. ಆಲೂಗೆಡ್ಡೆ ಕೊಳೆಯಿತು, ಗೇಣಿ ಕೊಳೆಯಲಿಲ್ಲ. ಜನ ಸಾಯುತ್ತಿದ್ದ ವರ್ಷಗಳಲ್ಲೂ ಧಾನ್ಯ, ಬೆಣ್ಣೆ, ದನಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಹಸಿವಿನಿಂದ, ಹಸಿವು ತಂದ ಜ್ವರದಿಂದ ಸತ್ತಿದ್ದರು. ಅಷ್ಟೇ ಜನ, ಅದಕ್ಕೂ ಹೆಚ್ಚು ಜನ, ದೇಶ ಬಿಟ್ಟಿದ್ದರು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ನಾಡು 1851ರಲ್ಲಿ 65 ಲಕ್ಷಕ್ಕೆ ಇಳಿದಿತ್ತು. ಹೋಗುವುದು ಅಲ್ಲಿಗೂ ನಿಲ್ಲಲಿಲ್ಲ. ಮುಂದೆ ನೂರು ವರ್ಷ ಅಣ್ಣನ ಹಿಂದೆ ತಮ್ಮ, ಅಕ್ಕ ಕಳಿಸಿದ ಟಿಕೆಟ್ಟಿನಲ್ಲಿ ತಂಗಿ ಹೀಗೆ ಹೋಗುತ್ತಲೇ ಇದ್ದರು.

ಬೆಳೆಗೆ ರೋಗ ತಂದದ್ದು ಬೂಷ್ಟು. ಜನಕ್ಕೆ ಸಾವು ತಂದದ್ದರಲ್ಲಿ ಕಾನೂನಿನ ಪಾಲು ದೊಡ್ಡದು. 1847ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಬಡವರ ಪರಿಹಾರದ ಕಾನೂನಿಗೆ ಒಂದು ಕಲಮು ಸೇರಿಸಿತು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಪರಿಹಾರ ಇಲ್ಲ ಎಂಬ ಕಲಮು. ಕಾಲು ಎಕರೆ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹನ್ನೊಂದು ಗುಂಟೆ ಇದ್ದವನು ಒಂದೋ ನೆಲ ಬಿಡಬೇಕು, ಇಲ್ಲ ಹೆಂಡತಿ ಮಕ್ಕಳ ಜೊತೆ ಹಸಿದು ಸಾಯಬೇಕು. ನೆಲ ಬಿಟ್ಟವನ ಗುಡಿಸಲಿನ ಸೂರನ್ನು ಧಣಿಯ ಕಡೆಯವರು ಕಿತ್ತುಹಾಕಿದರು. 1849ರಿಂದ 1854ರವರೆಗೆ ಪೊಲೀಸರೇ ಬರೆದಿಟ್ಟ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆಯಿಂದ ಎಬ್ಬಿಸಿದ್ದಾರೆ.

ಪರಿಹಾರದ ಖಜಾನೆಯ ಕೀಲಿ ಹಿಡಿದು ಲಂಡನ್ನಿನಲ್ಲಿ ಕೂತಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ವ್ಯಾಪಾರಕ್ಕೆ ಸರ್ಕಾರ ಅಡ್ಡ ಬರಬಾರದು, ಬಿಟ್ಟಿ ಅನ್ನ ಜನರನ್ನು ಕೆಡಿಸುತ್ತದೆ ಎಂದು ನಂಬಿದವನು. ಅವನ ಸೇವೆ ಮೆಚ್ಚಿ 1848ರಲ್ಲಿ ಸರ್ ಪದವಿ ಕೊಟ್ಟರು. ಈ ಮನುಷ್ಯ ನಮಗೂ ತೀರ ಹೊರಗಿನವನಲ್ಲ. ಮೊದಲು ಕಂಪನಿ ಸರ್ಕಾರದ ನೌಕರನಾಗಿ ದೆಹಲಿ, ಕಲ್ಕತ್ತೆಗಳಲ್ಲಿ ಇದ್ದವನು. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಬಳ್ಳಾರಿ, ಮಂಗಳೂರು ಆಗ ಆ ಗವರ್ನರನ ಕೈಕೆಳಗೇ ಇದ್ದವು.

ಈಗ ದಕ್ಕೆಯ ಕಂಚಿನ ಮೂರ್ತಿಗಳ ಮುಂದೆ ನಿಲ್ಲೋಣ. ಮಾಡಿದವನು ರೋವನ್ ಗಿಲೆಸ್ಪಿ ಎಂಬ ಶಿಲ್ಪಿ. ಹೆಂಗಸರು ಗಂಡಸರು ಹಡಗಿನ ಕಡೆಗೆ ಕಾಲೆಳೆಯುತ್ತ ನಡೆದಿದ್ದಾರೆ. ಕೆನ್ನೆ ಗುಳಿಬಿದ್ದಿದೆ, ಬಟ್ಟೆ ಚಿಂದಿಯಾಗಿದೆ. ಒಬ್ಬನು ಹೆಗಲ ಮೇಲೆ ಮಗುವನ್ನು ಹಾಕಿಕೊಂಡಿದ್ದಾನೆ, ಜೀವ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಹಿಂದೆ ಒಂದು ಬಡಕಲು ನಾಯಿ. ಕೆಳಗೆ ಪೀಠ ಇಲ್ಲ, ದಾರಿಹೋಕರು ನಿಂತ ನೆಲದ ಮೇಲೇ ಅವರೂ ನಿಂತಿದ್ದಾರೆ. ರಾಜರನ್ನೂ ಸೇನಾಪತಿಗಳನ್ನೂ ಕಂಬದ ತುದಿಗೆ ಏರಿಸಿ ಕೂರಿಸುವ ಯುರೋಪಿನಲ್ಲಿ, ಹಸಿದವನನ್ನು ನಮ್ಮ ಕಣ್ಣಿನ ಮಟ್ಟಕ್ಕೆ ತಂದು ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ಇದನ್ನು ಒಪ್ಪದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ.

ಆದರೂ ಕೇಳಲೇಬೇಕು. ಇವರು ಯಾರ ದೆಸೆಯಿಂದ ಹೊರಟಿದ್ದಾರೆ? ಮೂರ್ತಿಗಳ ಹಿಂದೆ ಯಾರೂ ಇಲ್ಲ. ಸೂರು ಕಿತ್ತ ಧಣಿಯ ಆಳಿಲ್ಲ. ಕಾಗದಕ್ಕೆ ರುಜು ಹಾಕಿದ ಟ್ರೆವೆಲ್ಯನ್ ಇಲ್ಲ. ಬಂದರಿಗೆ ಹೊರಟ ಗೋಧಿ ಮೂಟೆ ಇಲ್ಲ. ಹಸಿವು ಆಲಿಕಲ್ಲಿನ ಹಾಗೆ ಆಕಾಶದಿಂದ ಬಿತ್ತು ಅನ್ನುವಂತಿದೆ. ನೋಡಿದವನಿಗೆ ಕರುಳು ಚುರುಕ್ ಅನ್ನುತ್ತದೆ, ಸಿಟ್ಟು ಬರುವುದಿಲ್ಲ. ಕರುಣೆ ಬಂದವನು ಪಟ ತೆಗೆದುಕೊಂಡು ಊಟಕ್ಕೆ ಹೋಗುತ್ತಾನೆ. ಸಿಟ್ಟು ಬಂದವನು ಪ್ರಶ್ನೆ ಕೇಳುತ್ತಾನೆ. ಬೆನ್ನ ಹಿಂದಿನ ಬ್ಯಾಂಕುಗಳಿಗೆ ಕರುಣೆಯಿಂದ ಯಾವ ತೊಂದರೆಯೂ ಇಲ್ಲ.

'ಶಿಲ್ಪ ಎಲ್ಲಾನೂ ಹೇಳೋಕಾಗಲ್ಲಪ್ಪ' ಅಂತ ಯಾರಾದರೂ ಅನ್ನಬಹುದು. ಹೇಳಬಹುದು ಅನ್ನುವುದಕ್ಕೆ ನ್ಯೂಯಾರ್ಕಿನಲ್ಲೇ ಸಾಕ್ಷಿ ಇದೆ. 2002ರಲ್ಲಿ ಅಲ್ಲಿ ಹಡ್ಸನ್ ನದಿಯ ದಂಡೆಗೆ ಬ್ರಯನ್ ಟೋಲ್ ಎಂಬ ಕಲಾವಿದ ಒಂದು ಬರದ ಸ್ಮಾರಕ ಮಾಡಿದ. ಅದರಲ್ಲಿ ಮನುಷ್ಯರ ಮೂರ್ತಿಯೇ ಇಲ್ಲ. ಐರ್ಲೆಂಡಿನ ಮೇಯೋ ಜಿಲ್ಲೆಯಿಂದ ಒಂದು ನಿಜವಾದ ಬಡವರ ಮನೆಯ ಕಲ್ಲುಗಳನ್ನು ತಂದು ಮತ್ತೆ ಕಟ್ಟಿದ್ದಾರೆ. ಮೇಲೆ ಸೂರಿಲ್ಲ. ಸುತ್ತ ಉತ್ತು ಬಿಟ್ಟ ಪಾಳು ಸಾಲುಗಳು. ಆ ನೆಲದ ಅಳತೆ ಕಾಲು ಎಕರೆ. ಸೂರು ಯಾಕಿಲ್ಲ, ಕಾಲು ಎಕರೆ ಯಾಕೆ ಅಂತ ಕೇಳಿದ ಮಗುವಿಗೆ ಉತ್ತರ ಹೇಳಬೇಕಾದರೆ 1847ರ ಕಾನೂನನ್ನೇ ಹೇಳಬೇಕು. ಒಂದು ಅಳತೆ ಸಾಕು ಅಪರಾಧ ಹೇಳುವುದಕ್ಕೆ. ಅದರ ಸುತ್ತಲೂ ಹಣಕಾಸಿನ ಗೋಪುರಗಳೇ ಇವೆ, ನಿಜ. ಆದರೆ ಸ್ಮಾರಕ ತನ್ನ ಬಾಯಿ ಮುಚ್ಚಿಕೊಂಡಿಲ್ಲ.

ಮತ್ತೆ ಡಬ್ಲಿನ್ ದಕ್ಕೆಗೆ ಬರೋಣ. ಅಲ್ಲಿಗೆ ತಂದ ಹಡಗಿನ ಹೆಸರು ಜೀನಿ ಜಾನ್‌ಸ್ಟನ್. ಮೂಲ ಹಡಗು 1847ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟಿದ್ದು. 1848ರಿಂದ 1855ರವರೆಗೆ 16 ಸಲ ವಲಸಿಗರನ್ನು ಅಮೆರಿಕ ಖಂಡಕ್ಕೆ ಒಯ್ದಿತು. ಆ ಹದಿನಾರು ಪ್ರಯಾಣಗಳಲ್ಲಿ ಒಬ್ಬರೂ ಹಡಗಿನಲ್ಲಿ ಸಾಯಲಿಲ್ಲ. ನಾಯಕ ಹದ್ದು ಮೀರಿ ಜನ ತುಂಬಲಿಲ್ಲ, ಹಡಗಿನಲ್ಲಿ ಒಬ್ಬ ಡಾಕ್ಟರು ಇದ್ದ. ಅಷ್ಟು ಮಾಡಿದ್ದಕ್ಕೆ ಜನ ಉಳಿದರು. ಒಳ್ಳೆಯ ಕಥೆ, ತಿಳಿಯಬೇಕಾದ ಕಥೆ. ಆದರೆ ಆ ಕಾಲದ ಹಡಗುಗಳಿಗೆ ಜನ ಇಟ್ಟ ಹೆಸರು ಶವಪೆಟ್ಟಿಗೆ ಹಡಗು ಅಂತ. 1847 ಒಂದೇ ವರ್ಷದಲ್ಲಿ ಕೆನಡಾಕ್ಕೆ ಹೊರಟ ಸುಮಾರು ಒಂದು ಲಕ್ಷ ಐರಿಷ್ ಜನರಲ್ಲಿ ಐದಾರು ಮಂದಿಗೊಬ್ಬರಂತೆ ಸಮುದ್ರದಲ್ಲಿ, ಇಲ್ಲವೆ ಇಳಿದ ಮೇಲೆ ಜ್ವರದ ಕೊಟ್ಟಿಗೆಗಳಲ್ಲಿ ಸತ್ತರು. ಎಷ್ಟೋ ಹಡಗುಗಳಲ್ಲಿ ಯಾವುದನ್ನು ಮತ್ತೆ ಕಟ್ಟೋಣ ಅಂತ ಯೋಚಿಸಿದಾಗ ಆರಿಸಿದ್ದು ಯಾರೂ ಸಾಯದ ಹಡಗನ್ನು. ಟಿಕೆಟ್ಟು ಕೊಂಡು ಒಳಗೆ ಹೋದವನು ನಿಟ್ಟುಸಿರು ಬಿಟ್ಟು ಹೊರಗೆ ಬರಬಹುದು.

ಇದಕ್ಕೆ ಎದುರು ಮೇಯೋ ಜಿಲ್ಲೆಯ ಮರಿಸ್ಕ್ ಎಂಬ ಹಳ್ಳಿಯ ಹಡಗು. 1997ರಲ್ಲಿ ಅಧ್ಯಕ್ಷೆ ಮೇರಿ ರಾಬಿನ್‌ಸನ್ ಅನಾವರಣ ಮಾಡಿದ ರಾಷ್ಟ್ರೀಯ ಬರ ಸ್ಮಾರಕ ಅದು. ಶಿಲ್ಪಿ ಜಾನ್ ಬೀಹನ್. ಕಂಚಿನ ಹಡಗು, ಅದರ ಪಟ ಹಗ್ಗಗಳ ಜಾಗದಲ್ಲಿ ತೇಲುವ ಅಸ್ಥಿಪಂಜರಗಳು. ಅದರ ಒಳಗೆ ಹೋಗಲಾಗುವುದಿಲ್ಲ, ಟಿಕೆಟ್ಟಿಲ್ಲ, ಬ್ಯಾಂಕುಗಳಿಲ್ಲ. ಬೆಟ್ಟದ ಬುಡ, ಎದುರಿಗೆ ಕಡಲು. ಹಸಿವು ಕಚ್ಚಿದ ಸೀಮೆಯಲ್ಲೇ ನಿಂತಿದೆ. ಅದನ್ನು ನೋಡಿ ಯಾರೂ ಸಮಾಧಾನದಿಂದ ಮನೆಗೆ ಹೋಗಲಾರರು.

ಮೂರನೆಯದು ಮ್ಯೂಸಿಯಂ. ಹೆಸರು ಎಪಿಕ್. ಕಟ್ಟಡ 1820ರ ದಶಕದ ಉಗ್ರಾಣ, ತಂಬಾಕು ತುಂಬಿಡುತ್ತಿದ್ದುದು. 1856ರಲ್ಲಿ ಕ್ರಿಮಿಯಾ ಯುದ್ಧದಿಂದ ಬಂದ ಸಿಪಾಯಿಗಳಿಗೆ ಇದೇ ಕಟ್ಟಡದಲ್ಲಿ ದೊಡ್ಡ ಔತಣ ನಡೆಯಿತು, ಮೂರು ಸಾವಿರ ಜನ ಉಂಡರು. ಬರ ಮುಗಿದು ನಾಲ್ಕು ವರ್ಷ ಆಗಿತ್ತು. ಈ ಕಟ್ಟಡದಲ್ಲಿ ಮ್ಯೂಸಿಯಂ ಸ್ಥಾಪಿಸಿದವನು ನೆವಿಲ್ ಇಸ್ಡೆಲ್, ಕೋಕಾ-ಕೋಲಾ ಕಂಪನಿಯ ಮುಖ್ಯಸ್ಥನಾಗಿದ್ದವನು. ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಮನೆಯವರ ಜೊತೆ ಆಫ್ರಿಕಾಕ್ಕೆ ಹೋದವನು, ತಾನೂ ಒಬ್ಬ ವಲಸಿಗ. ಅವನ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಗೆದ್ದ ವಲಸಿಗ ಕಟ್ಟಿಸಿದ ಮನೆಯಲ್ಲಿ ಗೆದ್ದ ವಲಸಿಗರಿಗೇ ಒಳ್ಳೆಯ ಬೆಳಕು ಬೀಳುವುದು ಸಹಜ. ಹಸಿವಿಗೆ, ಜಗಳಕ್ಕೆ, ಕೆಲಸದ ಬೇಟೆಗೆ ಅಲ್ಲಿ ಜಾಗ ಇದೆ. ಅದನ್ನು ದಾಟಿದ ಮೇಲೆ ಬರುವುದು ಸಾಧಕರ ಮೆರವಣಿಗೆ: ವಿಜ್ಞಾನಿಗಳು, ಹಾಡುಗಾರರು, ಆಟಗಾರರು, ಅಮೆರಿಕದ ಅಧ್ಯಕ್ಷರು. 2019ರಿಂದ ಮೂರು ವರ್ಷ ಸತತವಾಗಿ ಯುರೋಪಿನ ಅತ್ಯುತ್ತಮ ಪ್ರವಾಸಿ ತಾಣ ಎಂಬ ಬಹುಮಾನವೂ ಬಂತು.

ಆ ಮ್ಯೂಸಿಯಮ್ಮಿನಲ್ಲಿ ಬಂದವರ ಕೈಗೆ ಒಂದು ಆಟದ ಪಾಸ್‌ಪೋರ್ಟು ಕೊಡುತ್ತಾರೆ. ಒಂದೊಂದು ಕೋಣೆಯಲ್ಲೂ ಅದಕ್ಕೆ ಮುದ್ರೆ ಒತ್ತಿಕೊಳ್ಳಬೇಕು. ಮಕ್ಕಳಿಗೆ ಖುಷಿಯಾಗುತ್ತದೆ. ನನಗೆ ಈ ಪಾಸ್‌ಪೋರ್ಟಿನ ವಿಚಾರ ಓದಿದ ಮೇಲೆ ತಲೆಯಲ್ಲಿ ಒಂದು ಮುಳ್ಳು ಉಳಿಯಿತು. 1847ರಲ್ಲಿ ಹಡಗು ಹತ್ತಿದವರ ಕೈಯಲ್ಲಿ ಯಾವ ಪಾಸ್‌ಪೋರ್ಟಿತ್ತು? ಈ ಮುಳ್ಳಿನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಗೆದ್ದವರನ್ನೇ ಹುಡುಕುವ ಕಣ್ಣು ಏನು ಮಾಡುತ್ತದೆ ಅನ್ನುವುದಕ್ಕೆ ಆನಿ ಮೂರ್ ಎಂಬ ಹುಡುಗಿಯ ಕಥೆ ಸಾಕು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಹೊಸ ಠಾಣೆ ತೆರೆಯಿತು. ಅದರ ಬಾಗಿಲು ದಾಟಿದ ಮೊದಲನೆಯವಳು ಕಾರ್ಕ್ ಊರಿನ ಆನಿ. ಜೊತೆಗೆ ಇಬ್ಬರು ತಮ್ಮಂದಿರು. ಅಧಿಕಾರಿಗಳು ಅವಳ ಕೈಗೆ 10 ಡಾಲರಿನ ಚಿನ್ನದ ನಾಣ್ಯ ಇಟ್ಟರು. ನೂರು ವರ್ಷದ ಮೇಲೆ ಜೀನ್ ರೈನ್‌ಹಾರ್ಟ್ ಎಂಬ ಶಿಲ್ಪಿ ಅವಳ ಎರಡು ಮೂರ್ತಿ ಮಾಡಿದಳು. ಒಂದು ಅವಳು ಹೊರಟ ಕೋವ್ ಬಂದರಿನಲ್ಲಿ, ತಮ್ಮಂದಿರ ಜೊತೆ. ಇನ್ನೊಂದು ಎಲ್ಲಿಸ್ ದ್ವೀಪದಲ್ಲಿ. ಆನಿ ಮುಂದೆ ಏನಾದಳು? ಪಶ್ಚಿಮಕ್ಕೆ ಹೋದಳು, ಟೆಕ್ಸಾಸ್ ಸೇರಿದಳು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಅಮೆರಿಕಕ್ಕೆ ಬಂದವಳು ವಿಶಾಲ ನೆಲದ ಕಡೆ ನಡೆದಳು ಎಂಬ ಕಥೆ ಕೇಳುವುದಕ್ಕೆ ಚೆನ್ನಾಗಿತ್ತು.

ಅದು ಬೇರೆ ಆನಿ ಮೂರ್. 2006ರಲ್ಲಿ ವಂಶಾವಳಿ ಹುಡುಕುವ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ದಾಖಲೆ ಕೆದಕಿ ನಿಜವಾದವಳನ್ನು ಪತ್ತೆ ಮಾಡಿದಳು. ನಿಜವಾದ ಆನಿ ನ್ಯೂಯಾರ್ಕ್ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಹಡಗಿಳಿದ ಜಾಗಕ್ಕೆ ಹತ್ತಿರದಲ್ಲೇ ಮ್ಯಾನ್‌ಹಾಟನ್ನಿನ ಬಡವರ ಕೇರಿಗಳಲ್ಲಿ ಬಾಡಿಗೆ ಕೋಣೆಗಳಲ್ಲಿ ಬದುಕಿದಳು. ಮೀನು ಮಾರುಕಟ್ಟೆಯಲ್ಲಿ ದುಡಿಯುವವನನ್ನು ಮದುವೆಯಾದಳು. ಹೆತ್ತ ಮಕ್ಕಳಲ್ಲಿ ಅರ್ಧದಷ್ಟು ಎಳೆತನದಲ್ಲೇ ತೀರಿಕೊಂಡವು. 1924ರಲ್ಲಿ, ಐವತ್ತರ ಆಸುಪಾಸಿನಲ್ಲಿ ಸತ್ತಳು. ಕ್ವೀನ್ಸ್‌ನ ಸ್ಮಶಾನದಲ್ಲಿ ಹುಗಿದರು, ಮೇಲೆ ಒಂದು ಕಲ್ಲೂ ಇರಲಿಲ್ಲ. ಎರಡು ದೇಶಗಳಲ್ಲಿ ಅವಳ ಕಂಚಿನ ಮೂರ್ತಿಗಳು ನಿಂತು ಹದಿಮೂರು ವರ್ಷ ಆಗುವ ತನಕ ಅವಳ ಗೋರಿ ಎಲ್ಲಿದೆ ಅಂತ ಲೋಕಕ್ಕೆ ಗೊತ್ತಿರಲಿಲ್ಲ. ಗೋರಿಗೆ ಕಲ್ಲು ಬಂದದ್ದು 2008ರಲ್ಲಿ.

ಗೆಳೆಯರೆ, ಸ್ಮಾರಕಗಳ ರೋಗ ಏನು ಅಂತ ನನಗೆ ಒಂದೇ ಉದಾಹರಣೆಯಲ್ಲಿ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ಬಾಗಿಲು ದಾಟುವ ಗಳಿಗೆಯ ಆನಿ ಬೇಕಾಗಿದ್ದಳು, ನಾಣ್ಯ ಹಿಡಿದ ಆನಿ ಬೇಕಾಗಿದ್ದಳು. ಮೂವತ್ತೆರಡು ವರ್ಷ ಬಟ್ಟೆ ಒಗೆದು, ಅಡುಗೆ ಮಾಡಿ, ಹೆತ್ತು, ಹೂಳಿ, ದಣಿದ ಆನಿ ಯಾರಿಗೂ ಬೇಕಾಗಿರಲಿಲ್ಲ. ಅವಳು ಸೋತವಳೇ? ನನಗೆ ಹಾಗೆ ಅನ್ನಿಸುವುದಿಲ್ಲ. ವಲಸೆ ಅಂದರೆ ಬಹುಪಾಲು ಜನಕ್ಕೆ ಅದೇ ಬದುಕು.

ಈ ಮಧ್ಯದ ಬದುಕು ಕಳೆದುಹೋಗುವುದನ್ನು ಕಣ್ಣಾರೆ ಕಾಣಬೇಕಾದರೆ ಬಾಸ್ಟನ್ನಿನ ಬರ ಸ್ಮಾರಕ ನೋಡಬೇಕು. 1998ರದು, ಶಿಲ್ಪಿ ರಾಬರ್ಟ್ ಶೂರ್. ಅಲ್ಲಿ ಎರಡು ಗುಂಪುಗಳಿವೆ. ಒಂದು ಕಡೆ ನೆಲಕ್ಕೆ ಬಿದ್ದ ಹಸಿದ ಸಂಸಾರ. ಇನ್ನೊಂದು ಕಡೆ ಒಳ್ಳೆಯ ಬಟ್ಟೆ ತೊಟ್ಟು, ತಲೆಯೆತ್ತಿ, ಮುಂದಕ್ಕೆ ಹೆಜ್ಜೆ ಹಾಕುವ ಸಂಸಾರ. ಅಲ್ಲಿ ಹಸಿವು, ಇಲ್ಲಿ ಹೊಟ್ಟೆತುಂಬ ಊಟ. ನಡುವೆ ಕೆಲವು ಅಡಿ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಚರಿತ್ರೆ ಇದ್ದದ್ದು. ಕಾಲುವೆ ತೋಡಿದ್ದು, ರೈಲು ಹಳಿ ಹಾಕಿದ್ದು, ಶ್ರೀಮಂತರ ಮನೆಗಳಲ್ಲಿ ಹುಡುಗಿಯರು ಪಾತ್ರೆ ಉಜ್ಜಿದ್ದು, ನೆಲಮಾಳಿಗೆಗಳಲ್ಲಿ ಕಾಲರಾಕ್ಕೆ ಸತ್ತದ್ದು, 'ಐರಿಷರು ಬೇಡ' ಅಂತ ಉಗಿಸಿಕೊಂಡದ್ದು.

ಇನ್ನೂ ಒಂದು ಇತ್ತು, ಅದನ್ನು ಹೇಳಲು ನಾಲಿಗೆ ಕಹಿಯಾಗುತ್ತದೆ. 1863ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಬಡವರನ್ನು ಸೈನ್ಯಕ್ಕೆ ಹಿಡಿದು ಸೇರಿಸುವ ಕಾನೂನಿನ ವಿರುದ್ಧ ದಂಗೆಯಾಯಿತು. 300 ಡಾಲರು ಕೊಡಬಲ್ಲ ಶ್ರೀಮಂತ ತಪ್ಪಿಸಿಕೊಳ್ಳಬಹುದಾಗಿತ್ತು, ಸಿಟ್ಟಿಗೆ ಕಾರಣ ಇತ್ತು. ಆದರೆ ದಂಗೆಯೆದ್ದವರಲ್ಲಿ ಹೆಚ್ಚಿನವರಾಗಿದ್ದ ಐರಿಷ್ ಕೂಲಿಗಳು ಆ ಸಿಟ್ಟನ್ನು ತೀರಿಸಿಕೊಂಡದ್ದು ತಮಗಿಂತ ಕೆಳಗಿದ್ದ ಕರಿಯರ ಮೇಲೆ. ಕರಿಯರನ್ನು ಹಿಡಿದು ಕಂಬಗಳಿಗೆ ನೇತುಹಾಕಿದರು. ಕರಿಯ ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಹಡಗು ಹತ್ತಿದಾಗ ಅವರು ತುಳಿಸಿಕೊಂಡವರು. ಇಳಿದು ಹದಿನೈದು ವರ್ಷದಲ್ಲಿ ತುಳಿಯುವುದನ್ನು ಕಲಿತಿದ್ದರು. ಮೇಲಿನವನ ಕಾಲು ಕೆಳಗೆ ಎಳೆಯಲಾರದವನು ತನಗಿಂತ ಕೆಳಗಿನವನ ತಲೆ ಹುಡುಕುತ್ತಾನೆ.

ಇದನ್ನು ಬಾಸ್ಟನ್ನಿನ ಕಂಚು ಹೇಳುವುದಿಲ್ಲ. ಹೇಳಲು ಒಂದು ಪ್ರಯತ್ನ ನಡೆದದ್ದು ನ್ಯೂಯಾರ್ಕಿನ ಆರ್ಚರ್ಡ್ ಬೀದಿಯ ಬಾಡಿಗೆ ಮನೆಗಳ ಮ್ಯೂಸಿಯಮ್ಮಿನಲ್ಲಿ. ಅಲ್ಲಿ ಜೋಸೆಫ್ ಮೂರ್ ಎಂಬ ಐರಿಷ್ ವಲಸಿಗನ ಸಂಸಾರದ ಕೋಣೆ ತೋರಿಸುತ್ತಿದ್ದರು. ಆನಿಗೂ ಇವನಿಗೂ ಸಂಬಂಧ ಇಲ್ಲ. ಹಳೆಯ ವಿಳಾಸದ ಪುಸ್ತಕದಲ್ಲಿ ಇವನ ಹೆಸರಿನ ಪಕ್ಕದಲ್ಲೇ ಇನ್ನೊಬ್ಬ ಜೋಸೆಫ್ ಮೂರ್ ಇದ್ದ, ಅವನು ಕರಿಯ. 2023ರ ಕೊನೆಗೆ ಆ ಎರಡನೆಯ ಜೋಸೆಫ್ ಮತ್ತು ಅವನ ಹೆಂಡತಿ ರೇಚಲ್‌ರ ಮನೆಯನ್ನೂ ಮ್ಯೂಸಿಯಂ ತೆರೆಯಿತು. ಒಂದೇ ಹೆಸರು, ಒಂದೇ ಊರು, ಒಂದೇ ಬಡತನ. ಒಬ್ಬನ ಕಥೆಯನ್ನು ಇನ್ನೊಬ್ಬನ ಕಥೆ ಇಲ್ಲದೆ ಹೇಳಬಾರದು ಅನ್ನುವ ತಿಳಿವಳಿಕೆ ಬಂದದ್ದು ತಡವಾಗಿ, ಆದರೂ ಬಂತು.

ಚೆನ್ನಾಗಿ ನೆನೆಯುವ ಜಾಗಗಳೂ ಇವೆ. ಬರೀ ಬೈದು ಮುಗಿಸಿದರೆ ವಿಮರ್ಶೆಯಾಗುವುದಿಲ್ಲ. ಮೂರನ್ನು ಹೇಳುತ್ತೇನೆ.

ಮೊದಲನೆಯದು ರೋಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್, 1994ರಲ್ಲಿ ತೆರೆದ ರಾಷ್ಟ್ರೀಯ ಬರ ಮ್ಯೂಸಿಯಂ. ಧಣಿಯ ಬಂಗಲೆಯ ಆವರಣದಲ್ಲೇ ಇದೆ. ಆ ಎಸ್ಟೇಟನ್ನು ಕೊಂಡ ಊರಿನ ವ್ಯಾಪಾರಿಗೆ ಹಳೆಯ ಕಾಗದಗಳ ರಾಶಿ ಸಿಕ್ಕಿತು. ಬಿಸಾಡಲಿಲ್ಲ, ಮ್ಯೂಸಿಯಂ ಮಾಡಿದ. ಆ ಕಾಗದಗಳಲ್ಲಿ ಏನಿದೆ? ಒಕ್ಕಲುಗಳನ್ನು ಊರಿನಲ್ಲಿಟ್ಟು ಸಾಕುವುದಕ್ಕಿಂತ ಹಡಗಿಗೆ ಹತ್ತಿಸಿ ಕಳಿಸುವುದೇ ಅಗ್ಗ ಎಂದು ಧಣಿಯ ಏಜೆಂಟ ಹಾಕಿಕೊಟ್ಟ ಲೆಕ್ಕ ಇದೆ. ಆ ಲೆಕ್ಕದಂತೆ 1847ರಲ್ಲಿ ಮೇಜರ್ ಡೆನಿಸ್ ಮಹನ್ ಎಂಬ ಆ ಧಣಿ 1,490 ಜನರನ್ನು ಕ್ವಿಬೆಕ್‌ಗೆ ಸಾಗಹಾಕಿದ. ಡಬ್ಲಿನ್‌ವರೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಕಡಲಲ್ಲಿ, ಇಳಿದ ಮೇಲೆ ಬಹಳ ಜನ ಸತ್ತರು. ಅದೇ ನವೆಂಬರಿನಲ್ಲಿ ಮಹನನನ್ನು ಯಾರೋ ಗುಂಡಿಟ್ಟು ಕೊಂದರು. ಅದೇ ರಾಶಿಯಲ್ಲಿ 1846ರಲ್ಲಿ ಕ್ಲೂನಾಹೀ ಎಂಬಲ್ಲಿಯ ಒಕ್ಕಲುಗಳು ಕೊಟ್ಟ ಅರ್ಜಿಯೂ ಇದೆ. ಏಜೆಂಟನ ಲೆಕ್ಕವೂ ಹಸಿದವರ ಅರ್ಜಿಯೂ ಒಂದೇ ಸೂರಿನಡಿ ಇವೆ. ನೋಡಿದವನಿಗೆ ಬೇರೆ ವಿವರಣೆ ಬೇಕಿಲ್ಲ.

ಎರಡನೆಯದು ಕೆನಡಾದ ಸೇಂಟ್ ಲಾರೆನ್ಸ್ ನದಿಯ ಗ್ರೋಸ್ ಈಲ್ ದ್ವೀಪ. ಹಡಗುಗಳನ್ನು ತಡೆದು ಜ್ವರದವರನ್ನು ಇಳಿಸಿಕೊಳ್ಳುತ್ತಿದ್ದ ಜಾಗ. 1847ರಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಹೂಳಿದರು. 1909ರಲ್ಲಿ ಅಮೆರಿಕ ಖಂಡದ ಐರಿಷ್ ಸಂಘದವರು ಅಲ್ಲಿ ಎತ್ತರದ ಒಂದು ಶಿಲುಬೆ ನಿಲ್ಲಿಸಿದರು. ಅದರ ಮೇಲೆ ಇಂಗ್ಲಿಷ್, ಫ್ರೆಂಚ್, ಐರಿಷ್ ಮೂರು ಭಾಷೆಯಲ್ಲಿ ಬರೆದಿದ್ದಾರೆ. ಇಂಗ್ಲಿಷ್ ಓದಿದರೆ ಇವರು ತಮ್ಮ ಧರ್ಮ ಉಳಿಸಿಕೊಳ್ಳಲು ಹಸಿವು, ಪರದೇಶವಾಸ ಸಹಿಸಿ ಇಲ್ಲಿ ಯಾತ್ರೆ ಮುಗಿಸಿದರು ಅಂತ ಇದೆ. ಐರಿಷ್ ಓದಿದರೆ ಪರಕೀಯ ದಬ್ಬಾಳಿಕೆಗಾರರ ಕಾನೂನುಗಳಿಂದ, ಅವರು ಕೈಯಾರೆ ಮಾಡಿದ ಬರದಿಂದ ಓಡಿ ಬಂದು ಸತ್ತರು ಅಂತ ಇದೆ. ಒಂದೇ ಕಲ್ಲು, ಎರಡು ಮಾತು. ಆಳಿದವರ ಭಾಷೆಯಲ್ಲಿ ಭಕ್ತಿ, ಸತ್ತವರ ಭಾಷೆಯಲ್ಲಿ ಆಪಾದನೆ. ನಿಜವನ್ನು ಕಲ್ಲಿನ ಮೇಲೇ ಬರೆದಿದ್ದಾರೆ. ಆದರೆ ಓದುವವರು ಕಡಿಮೆಯಾದ ಭಾಷೆಯಲ್ಲಿ ಬರೆದಿದ್ದಾರೆ. 1990ರ ದಶಕದಲ್ಲಿ ಕೆನಡಾ ಸರ್ಕಾರ ಈ ದ್ವೀಪವನ್ನು ಎಲ್ಲ ವಲಸಿಗರ ಆಶೆಯ ಬಾಗಿಲು ಎಂದು ಸಾರುವ ಯೋಜನೆ ಹಾಕಿತು. ಐರಿಷ್ ಮೂಲದ ಜನ ಬೀದಿಗೆ, ಸಭೆಗೆ ಬಂದು ವಿರೋಧಿಸಿದರು. 1996ರಲ್ಲಿ ಜಾಗದ ಹೆಸರಿಗೇ ಐರಿಷ್ ಸ್ಮಾರಕ ಎಂಬ ಮಾತು ಸೇರಿತು. ಸ್ಮಶಾನವನ್ನು ಹೆಬ್ಬಾಗಿಲು ಮಾಡಲು ಅವರು ಬಿಡಲಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಮಾಂಟ್ರಿಯಲ್ ನಗರದ ಕರಿಬಂಡೆ. 1859ರಲ್ಲಿ ಅಲ್ಲಿ ವಿಕ್ಟೋರಿಯಾ ಸೇತುವೆ ಕಟ್ಟುತ್ತಿದ್ದರು. ಕೂಲಿಗಳಲ್ಲಿ ಎಷ್ಟೋ ಜನ ಐರಿಷರು. ಆ ನೆಲದಲ್ಲಿ ಮೂಳೆಗಳಿದ್ದವು, 1847ರಲ್ಲಿ ಜ್ವರದಿಂದ ಸತ್ತ ಆರು ಸಾವಿರ ವಲಸಿಗರದು. ಕೂಲಿಗಳು ನದಿಯ ತಳದಿಂದ ಎತ್ತಿದ ಒಂದು ಭಾರಿ ಬಂಡೆಯನ್ನು ತಂದು ನಿಲ್ಲಿಸಿದರು. ಈ ಸತ್ತವರ ಎಲುಬುಗಳಿಗೆ ಅವಮಾನ ಆಗದಿರಲಿ ಅಂತ ಸೇತುವೆಯ ಕೆಲಸಗಾರರು ಇದನ್ನು ನಿಲ್ಲಿಸಿದ್ದಾರೆ ಎಂದು ಕೆತ್ತಿಸಿದರು. ಶಿಲ್ಪಿ ಇಲ್ಲ, ಟಿಕೆಟ್ಟಿಲ್ಲ. ಬಂಡೆಗೆ ಮುಖ ಇಲ್ಲ, ಕಣ್ಣೀರಿಲ್ಲ. ಬೆವರುವವರು ಸತ್ತವರಿಗೆ ಕಾವಲು ನಿಂತದ್ದು ಅದು. ಅಲ್ಲಿಯೂ ಒಂದು ಕೊರೆ ಇದೆ, ಮುಚ್ಚಿಡಬಾರದು. ಕಲ್ಲಿನ ಮೇಲೆ ಪೀಟೋ, ಬ್ರಾಸಿ, ಬೆಟ್ಸ್ ಎಂಬ ಗುತ್ತಿಗೆ ಕಂಪನಿಯ ಹೆಸರಿದೆ, ಬಂಡೆ ಹೊತ್ತ ಒಬ್ಬ ಕೂಲಿಯ ಹೆಸರೂ ಇಲ್ಲ. ಬಂಡೆ ಈಗ ಮೋಟಾರುಗಳು ಹರಿಯುವ ರಸ್ತೆಯ ನಡುವೆ ಸಿಕ್ಕಿಕೊಂಡಿದೆ. 2019ರಲ್ಲಿ ರೈಲು ದಾರಿಗಾಗಿ ಅಗೆದಾಗ ಹತ್ತಿರದಲ್ಲೇ ಮತ್ತೆ ಮೂಳೆಗಳು ಬಂದವು.

ಇಷ್ಟು ಹೇಳಿದ ಮೇಲೆ, ನೆನಪಿನಿಂದ ಏನು ಉಪಯೋಗ ಅನ್ನುವ ಪ್ರಶ್ನೆ ಉಳಿಯುತ್ತದೆ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಐರ್ಲೆಂಡಿನ ಹಸಿದವರಿಗೆ 170 ಡಾಲರು ಕೂಡಿಸಿ ಕಳಿಸಿದರು. ಅದಕ್ಕೆ ಹದಿನಾರು ವರ್ಷ ಮುಂಚೆ, 1831ರಿಂದ, ಅವರನ್ನೇ ಅವರ ನೆಲದಿಂದ ಎಬ್ಬಿಸಿ ದೂರದ ಪಶ್ಚಿಮಕ್ಕೆ ನಡೆಸಿದ್ದರು. ದಾರಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಆ ದಾನದ ನೆನಪಿಗೆ ಕಾರ್ಕ್ ಜಿಲ್ಲೆಯ ಮಿಡಲ್‌ಟನ್ನಿನಲ್ಲಿ ಅಲೆಕ್ಸ್ ಪೆಂಟೆಕ್ ಉಕ್ಕಿನಲ್ಲಿ ಒಂಬತ್ತು ಹದ್ದಿನ ಗರಿಗಳನ್ನು ಬಟ್ಟಲಿನ ಹಾಗೆ ನಿಲ್ಲಿಸಿದ್ದಾನೆ. 2017ರಲ್ಲಿ ಚಾಕ್ಟಾ ಜನರ ಮುಂದೆಯೇ ಅದರ ಅನಾವರಣವಾಯಿತು. ಮೂರು ವರ್ಷದ ಮೇಲೆ, 2020ರ ಕೊರೊನಾ ಕಾಲದಲ್ಲಿ, ಅಮೆರಿಕದ ನವಾಹೋ, ಹೋಪಿ ಜನ ಕಷ್ಟಕ್ಕೆ ಬಿದ್ದಾಗ ಸಾವಿರಾರು ಐರಿಷರು ಅಂದಿನ 170 ಡಾಲರಿನ ಋಣ ಹೇಳಿ ಹಣ ಕಳಿಸಿದರು. ಚಾಕ್ಟಾಗಳಿಗೆ ಪಡೆದದ್ದನ್ನು ನವಾಹೋಗಳಿಗೆ ತೀರಿಸಿದರು. ನೆನಪು ಕಲ್ಲಿನಿಂದ ಇಳಿದು ಕೈಗೆ ಬಂದರೆ ಹೀಗಿರುತ್ತದೆ.

ಅದೇ ದೇಶದ ಇನ್ನೊಂದು ಮುಖವನ್ನೂ ನೋಡಬೇಕು. ಈಗ ಐರ್ಲೆಂಡಿಗೆ ಜನ ಬರುತ್ತಿದ್ದಾರೆ. 2023ರ ನವೆಂಬರಿನಲ್ಲಿ ಡಬ್ಲಿನ್ನಿನ ಶಾಲೆಯೊಂದರ ಮುಂದೆ ಮಕ್ಕಳ ಮೇಲೆ ಚೂರಿ ಬಿತ್ತು. ಆ ನೆಪದಲ್ಲಿ ಗುಂಪು ಸೇರಿ ವಲಸಿಗರ ವಿರುದ್ಧ ಕೂಗುತ್ತ ಬಸ್ಸು ಸುಟ್ಟರು, ಅಂಗಡಿ ಲೂಟಿ ಮಾಡಿದರು. ಚೂರಿ ಹಿಡಿದವನನ್ನು ಹೊಡೆದು ಕೆಡವಿದ್ದು ಬ್ರೆಜಿಲಿನಿಂದ ಬಂದು ಊಟ ಹಂಚುವ ಕೆಲಸ ಮಾಡುತ್ತಿದ್ದ ಒಬ್ಬ ವಲಸಿಗ. 2024ರಲ್ಲಿ ಆಶ್ರಯ ಕೇಳಿ ಬಂದವರಿಗೆ ಮನೆ ಸಿಗದೆ ಅವರು ಡಬ್ಲಿನ್ನಿನ ಗ್ರ್ಯಾಂಡ್ ಕಾಲುವೆಯ ದಡದಲ್ಲಿ ಡೇರೆ ಹಾಕಿಕೊಂಡರು. ಸರ್ಕಾರ ಡೇರೆ ಎಬ್ಬಿಸಿತು, ಮತ್ತೆ ಹಾಕದಂತೆ ದಡಕ್ಕೆ ಕಬ್ಬಿಣದ ಬೇಲಿ ಕಟ್ಟಿತು. 2025ರ ಬೇಸಿಗೆಯಲ್ಲಿ ಅಲ್ಲಿ ದುಡಿಯುವ ಭಾರತೀಯರ ಮೇಲೆ ಸಾಲಾಗಿ ಹಲ್ಲೆಗಳಾದವು. ಆಗ ಅಧ್ಯಕ್ಷರಾಗಿದ್ದ ಮೈಕೆಲ್ ಹಿಗಿನ್ಸ್ ಅದನ್ನು ಕಟುವಾಗಿ ಖಂಡಿಸಿದರು, ಐರಿಷರ ಸ್ವಂತ ವಲಸೆಯನ್ನು ನೆನಪಿಸಿದರು.

ಪಾಠ ಹೇಳುವ ಗೆಳೆಯರಿಗೆ ನನ್ನದೊಂದು ಕೇಳಿಕೆ. ಮಕ್ಕಳನ್ನು ಯಾವ ಸ್ಮಾರಕದ ಮುಂದೆ ನಿಲ್ಲಿಸಿದರೂ ಮೂರು ಪ್ರಶ್ನೆ ಕೇಳಿಸಿ. ಇದನ್ನು ಯಾರು ನಿಲ್ಲಿಸಿದರು? ಈ ಜನರನ್ನು ಈ ಗತಿಗೆ ತಂದವರು ಇದರಲ್ಲಿ ಎಲ್ಲಿದ್ದಾರೆ? ಇವರು ಆಮೇಲೆ ಏನಾದರು, ಯಾರಿಗೆ ಏನು ಮಾಡಿದರು? ಮೂರಕ್ಕೂ ಉತ್ತರ ಕೊಡುವ ಕಲ್ಲು ಅಪರೂಪ. ಉತ್ತರ ಸಿಗದ ಜಾಗದಲ್ಲಿ ಪ್ರಶ್ನೆಯನ್ನಾದರೂ ಬಿಟ್ಟು ಬರಲಿ.

ಇನ್ನು ಆ ಪಾಸ್‌ಪೋರ್ಟಿನ ಮುಳ್ಳು. ಕಸ್ಟಮ್ ಹೌಸ್ ದಕ್ಕೆಯ ಕಂಚಿನ ಜನಕ್ಕೆ ಒಂದು ರಾತ್ರಿ ಜೀವ ಬಂತು ಅಂತಿಟ್ಟುಕೊಳ್ಳಿ. ಹಡಗಿಲ್ಲ. ಕೈಯಲ್ಲಿ ಗಂಟು, ಹೆಗಲ ಮೇಲೆ ಮಗು, ಹಿಂದೆ ನಾಯಿ. ಮಲಗುವುದಕ್ಕೆ ಜಾಗ ಹುಡುಕುತ್ತ ಊರೊಳಗೆ ನಡೆದು ಕಾಲುವೆಯ ದಡಕ್ಕೆ ಬರುತ್ತಾರೆ. ಎದುರಿಗೆ ಕಬ್ಬಿಣದ ಬೇಲಿ. ಅವರ ಹತ್ತಿರ ಕಾಗದ ಇಲ್ಲ, ಮುದ್ರೆ ಇಲ್ಲ. ಹಗಲು ಅವರ ಮುಂದೆ ಕಣ್ಣೊರೆಸಿಕೊಂಡವರೇ ರಾತ್ರಿ ಅವರನ್ನು ಬೇಲಿಯ ಯಾವ ಕಡೆ ನಿಲ್ಲಿಸುತ್ತಾರೆ?